ಅಂಗಾಂಗ ಕಸಿ: ದಾನಿಗಾಗಿ ಕಾಯುವಾಗ ರೋಗಿಗಳು ತಿಳಿದಿರಬೇಕಾದ್ದೇನು?

ಕಸಿಯೊಂದೇ ದಾರಿ ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಕೇಳುವ ಪ್ರಶ್ನೆ, 'ನಮ್ಮ ಸರದಿ ಯಾವಾಗ?' ಇಂಥದ್ದೇ ದಿನ ಎಂದು ಯಾರೂ ಹೇಳಲಾರರು. ಕಾರಣ, ಈ ಪಟ್ಟಿ ರೇಷನ್ ಅಂಗಡಿಯ ಸಾಲಿನಂತೆ ಮುಂದೆ ಸಾಗುವುದಿಲ್ಲ. ಆದರೆ ಕರೆ ಬಂದ ದಿನ ರೋಗಿ ಶಸ್ತ್ರಚಿಕಿತ್ಸೆಗೆ ಸಿದ್ಧವಾಗಿರುವುದು ಬಹುಮಟ್ಟಿಗೆ ಮನೆಯವರ ಕೈಯಲ್ಲೇ ಇದೆ.

ನೋಂದಣಿ ಹೇಗೆ?

ಮೆದುಳು ನಿಷ್ಕ್ರಿಯಗೊಂಡ ದಾನಿಯ ಅಂಗ ಬೇಕಿದ್ದರೆ, ಕಸಿಗೆ ಅನುಮತಿ ಪಡೆದ ಆಸ್ಪತ್ರೆಯ ಮೂಲಕವೇ ಹೆಸರು ನೋಂದಾಯಿಸಬೇಕು. ಅಲ್ಲಿನ ಕಸಿ ಸಂಯೋಜಕರು ಈ ಕೆಲಸ ನೋಡಿಕೊಳ್ಳುತ್ತಾರೆ. ಅಂಗ ಹಂಚಿಕೆಯ ಹೊಣೆ ಕರ್ನಾಟಕದಲ್ಲಿ ಜೀವಸಾರ್ಥಕತೆ, ತೆಲಂಗಾಣದಲ್ಲಿ ಜೀವನದಾನ್, ತಮಿಳುನಾಡಿನಲ್ಲಿ ಟ್ರಾನ್ಸ್‌ಟನ್, ಮುಂಬೈ ಮತ್ತು ಪುಣೆಯಲ್ಲಿ ಝಡ್‌ಟಿಸಿಸಿ ಸಂಸ್ಥೆಗಳದ್ದು.

ವಾಸಸ್ಥಳ ಪ್ರಮಾಣಪತ್ರದ ಷರತ್ತು ಕೈಬಿಡುವಂತೆ 2023ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಸೂಚಿಸಿತು. ನೋಂದಣಿಗಿದ್ದ 65 ವರ್ಷದ ವಯೋಮಿತಿಯನ್ನೂ ತೆಗೆದುಹಾಕಲಾಯಿತು. ಆದರೂ ಹಂಚಿಕೆಯ ಆದ್ಯತೆ ಎಲ್ಲ ರಾಜ್ಯಗಳಲ್ಲೂ ಒಂದೇ ರೀತಿ ಇಲ್ಲ. ಹೊರರಾಜ್ಯದಲ್ಲಿ ನೆಲೆಸಿರುವವರು ಇದನ್ನು ಸಂಯೋಜಕರಲ್ಲಿ ಮೊದಲೇ ವಿಚಾರಿಸುವುದು ಒಳಿತು.

ಯಾರಿಗೆ ಮೊದಲು?

ರಕ್ತದ ಗುಂಪು ಹೊಂದಬೇಕು. ಕಿಡ್ನಿಗೆ ಡಯಾಲಿಸಿಸ್‌ನಲ್ಲಿ ಕಳೆದ ಅವಧಿ, ಯಕೃತ್ತಿಗೆ ಕಾಯಿಲೆಯ ತೀವ್ರತೆ ಮುಖ್ಯವಾಗುತ್ತದೆ. ಹೃದಯಕ್ಕೆ ದಾನಿಯ ದೇಹದ ಗಾತ್ರವೂ ಹೊಂದಿಕೆಯಾಗಬೇಕು.

ಕಾಯುವಾಗ ಏನು ಮಾಡಬೇಕು?

* ಡಯಾಲಿಸಿಸ್, ಔಷಧಿ, ಪಥ್ಯ ತಪ್ಪಿಸಬಾರದು.
* ಜ್ವರ ಅಥವಾ ಸೋಂಕು ಕಂಡರೆ ತಕ್ಷಣ ತಿಳಿಸಬೇಕು. ಸೋಂಕಿದ್ದರೆ ಕಸಿ ಮುಂದೂಡಬೇಕಾಗಬಹುದು.
* ಬೇರೆಡೆ ರಕ್ತ ಹಾಕಿಸಿಕೊಂಡಿದ್ದರೆ ಹೇಳಬೇಕು. ಅದರಿಂದ ದೇಹದಲ್ಲಿ ಪ್ರತಿಕಾಯಗಳು ಹೆಚ್ಚಿ, ಹೊಂದುವ ಕಿಡ್ನಿ ಸಿಗುವುದು ಕಷ್ಟವಾಗಬಹುದು.
* ಫೋನ್ ಸದಾ ಚಾಲೂ ಇರಬೇಕು. ಮನೆಯ ಇನ್ನೊಬ್ಬರ ನಂಬರನ್ನೂ ಕೊಟ್ಟಿರಬೇಕು.

ಕರೆ ಬಂದಾಗ

ಹೊರತೆಗೆದ ಹೃದಯವನ್ನು ಸಾಮಾನ್ಯವಾಗಿ 4ರಿಂದ 6 ಗಂಟೆಯೊಳಗೆ ಕಸಿ ಮಾಡಬೇಕು. ಕಿಡ್ನಿಗೆ ಸುಮಾರು ಒಂದು ದಿನದ ಅವಕಾಶವಿರುತ್ತದೆ. ಆದ್ದರಿಂದ ತಡಮಾಡದೆ ಹೊರಡಬೇಕು. ಏನಾದರೂ ತಿನ್ನುವ ಮುನ್ನ ಸಂಯೋಜಕರನ್ನು ಕೇಳಬೇಕು.

ಒಂದೇ ಅಂಗಕ್ಕೆ ಇಬ್ಬರು, ಮೂವರನ್ನು ಕರೆಯುವುದುಂಟು. ಅಂತಿಮ ಪರೀಕ್ಷೆಯಲ್ಲಿ ಹೊಂದದಿದ್ದರೆ ಬರಿಗೈಲಿ ಮರಳಬೇಕಾಗುತ್ತದೆ. ಆದರೆ ಅಷ್ಟಕ್ಕೇ ಪಟ್ಟಿಯಿಂದ ಹೆಸರು ಹೋಗುವುದಿಲ್ಲ.

ದಲ್ಲಾಳಿಗಳಿಂದ ದೂರವಿರಿ

ಹಣಕ್ಕೆ ಅಂಗ ಕೊಡಿಸುವುದು ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಮನೆಯೊಳಗಿನ ದಾನಿಯ ರಕ್ತದ ಗುಂಪು ಹೊಂದದಿದ್ದರೆ, ಅದೇ ತೊಂದರೆಯಲ್ಲಿರುವ ಇನ್ನೊಂದು ಕುಟುಂಬದೊಂದಿಗೆ ದಾನಿಗಳನ್ನು ಅದಲು ಬದಲು ಮಾಡಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ಈ ಬಗ್ಗೆ ಆಸ್ಪತ್ರೆಯಲ್ಲಿ ಕೇಳಬಹುದು.