ಬೆಂಡು, ಸರ್ಫ್‌ಬೋರ್ಡು ಮತ್ತು ನಮ್ಮ ಮುತ್ಯಾನ ಬಾವಿ

  ಈ ಸಲದ ಇತಿಹಾಸ ಸರ್ಫ್‌ಬೋರ್ಡಿನದು. ಸಮುದ್ರದ ಅಲೆಯ ಮೇಲೆ ನಿಂತು ಜಾರ್ತಾರಲ್ಲ, ಆ ಹಲಗೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವನಿಗೂ ಸರ್ಫಿಂಗಿಗೂ ಏನ್ ಸಂಬಂಧ ಅಂತ ನೀವು ನಗಬಹುದು. ನಮ್ಮ ಮನೆಯವರು ನಕ್ಕು ಮುಗಿಸಿದ್ದಾರೆ.

ಶುರುವಾಗಿದ್ದು ಒಂದು ಅಡ್ಡಹೆಸರಿನಿಂದ. 2025ರ ಆಗಸ್ಟಿನಲ್ಲಿ ತಮಿಳುನಾಡಿನ ಮಹಾಬಲಿಪುರಂನಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ನಡೆಯಿತು. ಪುರುಷರ ಓಪನ್ ವಿಭಾಗದಲ್ಲಿ ಕಂಚು ಗೆದ್ದವರು ರಮೇಶ್ ಬೂದಿಹಾಳ. ಈ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಬೆಳೆದದ್ದು ಕೇರಳದ ಕೋವಳಂ ತೀರದಲ್ಲಿ, ಮನೆತನ ಕರ್ನಾಟಕದ್ದು. ಬೂದಿಹಾಳ ಅನ್ನೋ ಊರು ನಮ್ಮ ಕಡೆ ಒಂದಲ್ಲ, ಹಲವು ಇವೆ. ರೀಲ್ಸ್ ನೋಡ್ತಾ ಕೂತವನು ಆ ಹೆಸರು ಕೇಳಿ ಎದ್ದು ಕೂತೆ. ಅದೇ ಕೋವಳಂನಲ್ಲಿ 2005ರಲ್ಲಿ ಶುರುವಾದ ಸರ್ಫ್ ಕ್ಲಬ್ಬಿಗೆ ಮಕ್ಕಳ ಮಟ್ಟಿಗೆ ಒಂದು ಗಟ್ಟಿ ನಿಯಮ ಇತ್ತು: ಶಾಲೆಗೆ ಹೋದವರಿಗೆ ಮಾತ್ರ ಬೋರ್ಡು. ಬೀದಿ ಬದಿ ಬೆಳೆಯೋ ಮಕ್ಕಳನ್ನು ಶಾಲೆಗೆ ಎಳೆಯೋಕೆ ಅಲೆಯನ್ನೇ ಆಸೆ ತೋರಿಸಿದ್ದು. ನನಗೆ ಬಹಳ ಹಿಡಿಸಿತು.

ಬೋರ್ಡಿನ ಬೆಲೆ ನೋಡಿದೆ. ಹತ್ತಾರು ಸಾವಿರ. ನಾನು ಬಿ.ಕಾಂ. ಮಾಡಿದವನು, ಕೊಳ್ಳೋದಕ್ಕಿಂತ ಮಾಡೋದು ಅಗ್ಗ ಅಂತ ತಕ್ಷಣ ಲೆಕ್ಕ ಹಾಕಿದೆ. ದೀಪಾವಳಿ ರಜೆಯಲ್ಲಿ ಥರ್ಮಾಕೋಲ್ ಶೀಟುಗಳನ್ನು ಅಂಟಿಸಿ ಆರಡಿ ಉದ್ದದ ತುಂಡು ಮಾಡಿದೆ. ಅಂಚು ಉಜ್ಜಿ ದುಂಡಗೆ ಮಾಡಿದೆ. ನೀರಿನ ಟಾಕಿ ರಿಪೇರಿಗೆ ಬಳಸೋ ಫೈಬರ್ ಬಟ್ಟೆ, ಪಾಲಿಯೆಸ್ಟರ್ ರೆಸಿನ್, ಹಾರ್ಡ್‌ನರ್ ತಂದೆ. ಅಪ್ಪ ಆ ಬಟ್ಟೆಯನ್ನು ಬೆರಳಲ್ಲಿ ಹಿಡಿದು, "ಸಾದಾ ನೇಯ್ಗಿ ಐತಿ ನೋಡು. ಹಾಸು ಹೊಕ್ಕು ಸಮ. ಗಾಜಿನ ನೂಲಂತ ಅಷ್ಟ," ಅಂದ್ರು. ಬನಹಟ್ಟಿ ನೇಕಾರರಿಗೆ ಬೋರ್ಡಿನ ಗುಟ್ಟು ಒಂದೇ ನಿಮಿಷಕ್ಕೆ ಅರ್ಥವಾಗುತ್ತೆ: ಒಳಗಿನ ಹಗುರ ತಿರುಳಿಗೆ ಬಲ ಕೊಡೋದು ಮೇಲಿನ ಬಟ್ಟೆ.

ರೆಸಿನ್ ಸುರಿದೆ. ಹತ್ತು ನಿಮಿಷದಲ್ಲಿ ನನ್ನ ಬೋರ್ಡು, ಮಳೆಗೆ ಸಿಕ್ಕ ಬತ್ತಾಸಿನ ಹಂಗೆ, ಒಳಗೊಳಗೇ ಕರಗಿ ಕುಸಿದು ಹೋಯ್ತು. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ಇರುತ್ತೆ, ಅದು ಥರ್ಮಾಕೋಲನ್ನು ತಿಂದುಬಿಡುತ್ತೆ. ಅದಕ್ಕೆ ಎಪಾಕ್ಸಿ ರೆಸಿನ್ ಬೇಕು. ಖರ್ಚು 2,640 ರೂಪಾಯಿ. ಉಳಿದದ್ದು ಅಂಗಳದಲ್ಲಿ ಒಂದು ಗಟ್ಟಿ ಕಲೆ, ಇನ್ನೂ ಇದೆ.

ಮಾನ ಹೋದ ಮೇಲೆ ಇತಿಹಾಸ ಓದೋಕೆ ಕೂತೆ. ಇದೇ ಕಷ್ಟ 1949ರ ಸುಮಾರಿಗೇ ಕ್ಯಾಲಿಫೋರ್ನಿಯಾದ ಬಾಬ್ ಸಿಮನ್ಸ್ ಎಂಬವರಿಗೂ ಎದುರಾಗಿತ್ತು. ಕ್ಯಾಲ್‌ಟೆಕ್‌ನಲ್ಲಿ ಓದಿದ ಮನುಷ್ಯ, ಅಪಘಾತದಲ್ಲಿ ಒಂದು ತೋಳಿನ ಬಲ ಹೋಗಿತ್ತು. ವೇಗದ ದೋಣಿಗಳ ತಳ ನೀರಿನ ಮೇಲೆ ಹೇಗೆ ಜಾರುತ್ತೆ ಅನ್ನೋ ಲೆಕ್ಕವನ್ನು ಬೋರ್ಡಿಗೆ ತಂದವರು. ರೆಸಿನ್ನಿಗೆ ಫೋಮ್ ಕರಗುತ್ತೆ ಅಂತ ಗೊತ್ತಾದಾಗ ಫೋಮ್ ಮೇಲೆ ಕೆಳಗೆ ತೆಳು ಪ್ಲೈವುಡ್, ಅಂಚಿಗೆ ಬಾಲ್ಸಾ ಕಟ್ಟಿಗೆ ಹಚ್ಚಿ, ಅದರ ಮೇಲೆ ಫೈಬರ್ ಹೊದಿಸಿದರು. ನಾನು ಮೊದಲು ಓದಿ ಆಮೇಲೆ ರೆಸಿನ್ ಸುರಿಯಬೇಕಿತ್ತು. ಸಿಮನ್ಸ್ 1954ರಲ್ಲಿ ಸರ್ಫಿಂಗ್ ಮಾಡುವಾಗಲೇ ತೀರಿಕೊಂಡರು.

ಇನ್ನೂ ಹಿಂದಕ್ಕೆ ಹೋದರೆ ಹವಾಯಿ. ಅಲ್ಲಿ ಬೋರ್ಡು ಅಂದ್ರೆ ಮರ, ಮರ ಅಂದ್ರೆ ದೇವರ ಕೆಲಸ. ಮರ ಕಡಿಯುವ ಮೊದಲು ಬುಡದಲ್ಲಿ ಕೆಂಪು ಮೀನು ಇಟ್ಟು ಪ್ರಾರ್ಥಿಸುತ್ತಿದ್ದರು ಅಂತ ಹಳೆಯ ವಿವರಗಳು ಹೇಳುತ್ತವೆ. ಕಲ್ಲಿನ ಬಾಚಿಯಿಂದ ಕೆತ್ತಿ, ಹವಳದ ಕಲ್ಲಿನಿಂದ ಉಜ್ಜಿ, ಗಿಡದ ರಸದಿಂದ ಬಣ್ಣ ಕಟ್ಟಿ, ಎಣ್ಣೆ ಹಚ್ಚುತ್ತಿದ್ದರು. ಜನಸಾಮಾನ್ಯರ ಬೋರ್ಡು 'ಅಲಾಯಾ', ಗಟ್ಟಿ ಮರದ್ದು, ತೆಳ್ಳಗೆ. ಅರಸು ಮನೆತನದವರದು 'ಓಲೋ', 16 ಅಡಿಯವರೆಗೂ ಉದ್ದ. ಓಲೋಗೆ ಮೆಚ್ಚಿನ ಮರ 'ವಿಲಿವಿಲಿ'. ಬಹಳ ಹಗುರ. ದೋಣಿಯ ಪಕ್ಕದ ತೇಲುಗಟ್ಟಿಗೆ, ಮೀನಿನ ಬಲೆಯ ತೇಲುಬಿಲ್ಲೆ, ಎಲ್ಲಾ ಅದರದ್ದೇ. ಈ ವಿಲಿವಿಲಿ ಹೆಸರು ನೆನಪಿಟ್ಟುಕೊಳ್ರಿ, ಮತ್ತೆ ಬರ್ತೀನಿ.

1778ರಲ್ಲಿ ಕ್ಯಾಪ್ಟನ್ ಕುಕ್ ಹಡಗು ಬಂತು, ಜೊತೆಗೆ ರೋಗಗಳು ಬಂದವು. 1820ರಲ್ಲಿ ಮಿಷನರಿಗಳು ಬಂದರು, ಅರೆಬೆತ್ತಲೆ ಈಜು, ಜೂಜು, ಹೊತ್ತುಗಳೆಯೋದು ಅವರಿಗೆ ಹಿಡಿಸಲಿಲ್ಲ. ಮಿಷನರಿಗಳೇ ಸರ್ಫಿಂಗ್ ಕೊಂದರು ಅಂತ ಸುಲಭವಾಗಿ ಹೇಳ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತೆ. ಹಾಡುವ ಜನರೇ ರೋಗಕ್ಕೆ ಸತ್ತರೆ ಹಾಡು ನಿಷೇಧ ಮಾಡೋ ಅಗತ್ಯ ಏನು? ಉಳಿದವರಿಗೆ ದುಡಿಮೆ ಬದಲಾಯಿತು, ಭೂಮಿ ಕೈ ಬದಲಾಯಿತು, ತೀರಕ್ಕೆ ಹೋಗಲು ಹೊತ್ತಿಲ್ಲದಾಯಿತು. ಆಟ ಹಾಗೆ ಸಾಯುತ್ತೆ.

ಆದರೆ ಮಾಡಬಲ್ಲ ಕೈ ಉಳಿದರೆ ಆಟ ಮತ್ತೆ ಹುಟ್ಟುತ್ತೆ. 1885ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ ಮೂವರು ಹವಾಯಿ ರಾಜಕುಮಾರರು ಸಾಂತಾ ಕ್ರೂಜ್‌ನಲ್ಲಿ ಅಲ್ಲಿಯದೇ ರೆಡ್‌ವುಡ್ ಮರದಿಂದ ಹಲಗೆ ಮಾಡಿಸಿಕೊಂಡು ನದಿ ಸಮುದ್ರ ಸೇರುವಲ್ಲಿ ಅಲೆ ಏರಿದರು. 1912ರ ಒಲಿಂಪಿಕ್ಸ್‌ನಲ್ಲಿ ಈಜಿನ ಚಿನ್ನ ಗೆದ್ದ ಡ್ಯೂಕ್ ಕಹಾನಾಮೋಕು ಆಸ್ಟ್ರೇಲಿಯಾಕ್ಕೆ ಹೋದಾಗ ಬೋರ್ಡು ಒಯ್ದಿರಲಿಲ್ಲ. ಸಿಡ್ನಿಯಲ್ಲೇ ಪೈನ್ ಮರ ತಗೊಂಡು ಕೆತ್ತಿದರು. 1915ರ ಸುಮಾರಿನ ಆ ಹಲಗೆ ಇವತ್ತೂ ಫ್ರೆಶ್‌ವಾಟರ್ ತೀರದ ಕ್ಲಬ್ಬಿನಲ್ಲಿದೆ. ಟಾಮ್ ಬ್ಲೇಕ್ 1926ರಲ್ಲಿ ಹೊನೊಲುಲುವಿನ ಬಿಷಪ್ ಮ್ಯೂಸಿಯಂನ ಹಳೆ ಓಲೋಗಳನ್ನು ನೋಡಿ, ಅದೇ ಆಕಾರವನ್ನು ಒಳಗೆ ಟೊಳ್ಳಾಗಿ ಮಾಡಿದರು. ನಮ್ಮವರು ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಈಜ್ತಿದ್ದರಲ್ಲ, ಅದೇ ತತ್ವ. 1937ರಲ್ಲಿ ಅವರ ನಕ್ಷೆ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆಯಲ್ಲಿ ಬಂತು. ಮನೆಯ ಹಿತ್ತಲಲ್ಲಿ ಯಾರು ಬೇಕಾದರೂ ಮಾಡಬಹುದಿತ್ತು.

ಆಮೇಲೆ ಫೋಮ್ ಬಂತು, ಕಾರ್ಖಾನೆ ಬಂತು. ಕ್ಲಾರ್ಕ್ ಫೋಮ್ ಅನ್ನೋ ಒಂದೇ ಕಂಪನಿ ಅಮೆರಿಕದ ಹೆಚ್ಚುಕಡಿಮೆ ಎಲ್ಲಾ ಬೋರ್ಡುಗಳಿಗೆ ಫೋಮ್ ತಿರುಳು ಕೊಡುತ್ತಿತ್ತು. 2005ರ ಡಿಸೆಂಬರ್ 5ರಂದು ಒಂದೇ ದಿನದಲ್ಲಿ ಬಾಗಿಲು ಹಾಕಿತು. ಮೊನಾಪಲಿ ಪಾಠವನ್ನು ನಮಗೆ ಬಿ.ಕಾಂ.ನಲ್ಲಿ ಈ ಉದಾಹರಣೆ ಕೊಟ್ಟು ಹೇಳಿದ್ದರೆ ನೆನಪಿರುತ್ತಿತ್ತು. ಬೋರ್ಡು ಮಾಡುವವರು ಎಪಾಕ್ಸಿ ಕಡೆಗೆ ಹೊರಳಿದರು, ಕೆಲವರು ಮರಕ್ಕೇ ವಾಪಸ್ ಬಂದರು.

ಈಗ ವಿಲಿವಿಲಿಗೆ ಬರೋಣ. ಅವ್ವನ ತವರು ಬೀಳಗಿ ತಾಲ್ಲೂಕಿನಲ್ಲಿ. ಹಳೆ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು, ಆಗ ನಾನು ಇನ್ನೂ ಸಾಲಿಗೆ ಹೋಗ್ತಿರಲಿಲ್ಲ. ಈಗ ಆಯಿ ಇರೋದು ಪುನರ್ವಸತಿ ಕೇಂದ್ರದಲ್ಲಿ. ಬೋರ್ಡು ಕರಗಿದ ಕತೆ ಹೇಳಿದೆ. ಆಯಿ ನಗಲಿಲ್ಲ. "ತೇಲೂದು ಬೇಕಂದ್ರ ನಿಮ್ಮ ಮುತ್ಯಾನ ಬೆಂಡು ಅಟ್ಟದ ಮ್ಯಾಲ ಐತಿ, ತಗೋ ತಮ್ಮಾ," ಅಂದಳು.

ಎರಡು ತುಂಡು ಮರ, ನಡುವೆ ಹಗ್ಗ ಪೋಣಿಸೋಕೆ ತೂತು. ಬಾಚಿಯ ಗುರುತು ಇನ್ನೂ ಇದೆ. ಎತ್ತಿದರೆ ಖಾಲಿ ಡಬ್ಬಿ ಎತ್ತಿದ ಹಂಗೆ.

"ಯಾವ ಕಟಿಗಿ ಆಯಿ?"

"ಹಾಲವಾಣದ್ದು. ಎಲಿತೋಟದಾಗ ಬಳ್ಳಿ ಹಬ್ಬಸಾಕ ಹಚ್ಚತಿದ್ರು. ಸುಡಾಕೂ ಬರಂಗಿಲ್ಲ, ಬಾಗಲಕ್ಕೂ ಬರಂಗಿಲ್ಲ. ತೇಲಾಕ ಅಷ್ಟ."

ಹಾಲವಾಣ. ಕೆಂಪು ಹೂ, ಕಾಂಡಕ್ಕೆ ಮುಳ್ಳು, ಮರಾಠಿಯಲ್ಲಿ ಪಾಂಗಾರಾ. ಸಸ್ಯಶಾಸ್ತ್ರದಲ್ಲಿ ಇದರ ಕುಲ ಎರಿಥ್ರಿನಾ. ಹವಾಯಿಯ ವಿಲಿವಿಲಿಯ ಕುಲವೂ ಎರಿಥ್ರಿನಾ. ದೊರೆಗಳ ಓಲೋ ಮತ್ತು ನಮ್ಮ ಮುತ್ಯಾನ ಬೆಂಡು ದಾಯಾದಿಗಳು, ಎರಡನ್ನೂ ಕೆತ್ತಿದ್ದು ಬಾಚಿ. ದಯವಿಟ್ಟು ಇದನ್ನು 'ಸರ್ಫಿಂಗ್ ಹುಟ್ಟಿದ್ದು ಕೃಷ್ಣೆಯಲ್ಲಿ' ಅಂತ ವಾಟ್ಸಾಪ್‌ನಲ್ಲಿ ಓಡಿಸಬೇಡ್ರಿ. ಕೃಷ್ಣೆಯಲ್ಲಿ ಏರಿ ಜಾರುವಂಥ ಅಲೆ ಇಲ್ಲ, ನಮ್ಮವರು ಅಲೆ ಏರಲೂ ಇಲ್ಲ. ಹಗುರ ಮರ ಹುಡುಕಿದ ಕೈಗಳು ಎರಡೂ ಕಡೆ ಒಂದೇ ಉತ್ತರಕ್ಕೆ ಬಂದವು, ಅಷ್ಟೇ.

ನನ್ನನ್ನು ಅಲ್ಲಾಡಿಸಿದ್ದು ಆಯಿ ಹೇಳಿದ ಮುಂದಿನ ಮಾತು. "ನಿಮ್ಮವ್ವ ಇದನ್ನ ಕಟಗೊಂಡ ಈಸ ಕಲ್ತಿದ್ಲು. ಬಾವಿ ಮ್ಯಾಲಿಂದ ಜಿಗೀತಿದ್ಲು."

ಅವ್ವಗೆ ಈಜು ಬರುತ್ತೆ ಅನ್ನೋದು ನನಗೆ 27 ವರ್ಷ ಗೊತ್ತೇ ಇರಲಿಲ್ಲ. ನಾನು ಖಾಲಿ ಎಣ್ಣೆ ಕ್ಯಾನ್ ಕಟ್ಟಿಕೊಂಡು ಕಲಿಯುವಾಗ ಆಕೆ ದಂಡೆಯಲ್ಲಿ ನಿಂತು ಹುಷಾರು ಅನ್ನುತ್ತಿದ್ದಳು. ಬಾವಿ ಮುಳುಗಿದ ಮೇಲೆ ಆಕೆ ನೀರಿಗೆ ಇಳಿದೇ ಇಲ್ಲ. ಪರಿಹಾರದ ಪಟ್ಟಿಯಲ್ಲಿ ಮನೆಗೆ, ಹೊಲಕ್ಕೆ, ಗಿಡಕ್ಕೆ ಬೆಲೆ ಇತ್ತು. ಜಿಗಿತಕ್ಕೆ ಇರಲಿಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲೋದು 519.60 ಮೀಟರ್ ತನಕ. 524.256 ಮೀಟರ್‌ಗೆ ಏರಿಸಲು 2010ರಲ್ಲೇ ಎರಡನೇ ಕೃಷ್ಣಾ ನ್ಯಾಯಾಧಿಕರಣ ಒಪ್ಪಿಗೆ ಕೊಟ್ಟಿದೆ. ನೀರಾವರಿ ಬೇಡ ಅನ್ನೋನಲ್ಲ ನಾನು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಬ್ಯಾರೇಜ್ ಕಟ್ಟಿದ ತಾಲ್ಲೂಕಿನ ಪಕ್ಕದವನು. ಆದರೆ ಮುಂದಿನ ಸಲ ಊರು ಏಳುವಾಗ ಹೊಸ ಕೇಂದ್ರದಲ್ಲಿ ಮಕ್ಕಳು ಈಜು ಕಲಿಯೋಕೆ ಒಂದು ಜಾಗ ಬೇಕು ಅಂತ ಯಾರಾದರೂ ಬರೆಸ್ರಿ. ಸುತ್ತ ನೀರಿದ್ದೂ ಈಜು ಬಾರದ ಮಕ್ಕಳು ಬೆಳೀತಿದ್ದಾರೆ.

ಡಿಸೆಂಬರಿನಲ್ಲಿ ಮೂಲ್ಕಿಗೆ ಹೋಗಿಬಂದೆ. ಅಮೆರಿಕದಿಂದ ಬಂದು ಸನ್ಯಾಸಿಯಾದ ಜ್ಯಾಕ್ ಹೆಬ್ನರ್, ಅಂದ್ರೆ 'ಸರ್ಫಿಂಗ್ ಸ್ವಾಮಿ', 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ನಡೆಯಿತು. ಕಲಿಸೋಕೆ ಬಂದ ಹುಡುಗ ಮೀನುಗಾರರ ಮನೆಯವನು. "ಈಜು ಬರ್ತದಾ?" ಅಂದ. ಬಾವಿಯಲ್ಲಿ ಕಲ್ತೀನಿ ಅಂದೆ. "ಬಾವಿ ಬೇರೆ, ಸಮುದ್ರ ಬೇರೆ ಮಾರಾಯ್ರೆ," ಅಂತ ನಕ್ಕ. ಹನ್ನೊಂದು ಸಲ ಬಿದ್ದೆ. ಹನ್ನೆರಡನೇ ಸಲ ಮೂರು ಸೆಕೆಂಡ್ ನಿಂತೆ. ಮೂಗಿನಲ್ಲಿ ಉಪ್ಪುನೀರು, ಮೊಣಕಾಲು ತರಚು, ಮುಖದ ಮೇಲಿನ ನಗು ಹುಬ್ಬಳ್ಳಿ ತನಕ ಇಳಿದಿರಲಿಲ್ಲ.

ವೀಡಿಯೊ ಅವ್ವಗೆ ತೋರಿಸಿದೆ. ನೋಡಿದಳು, ಮತ್ತೊಮ್ಮೆ ಹಚ್ಚು ಅಂದಳು, ಮತ್ತೊಮ್ಮೆ ನೋಡಿದಳು. ನೀನೂ ಬಾ ಮೂಲ್ಕಿಗೆ ಅಂದೆ.

"ಅಷ್ಟ ದೂರ ಯಾಕ? ಮದ್ಲ ಒಂದ ಛಲೋ ಬಾವಿ ನೋಡು," ಅಂದಳು.

ಕಾಕಾನ ತೋಟದ ಬಾವಿ ಇದೆ, ಪಾವಟಿಗೆ ಗಟ್ಟಿ ಇವೆ. ಬೆಂಡಿಗೆ ಹೊಸ ಹಗ್ಗ ಹಾಕಿಸಿದ್ದೀನಿ, ಅಕ್ಕನ ಒಂಬತ್ತು ವರ್ಷದ ಮಗನಿಗೆ ಕಟ್ಟೋದು. ಬರೋ ರವಿವಾರ ಹೋಗ್ತೀವಿ. ನಿಮ್ಮ ಮನೆ ಅಟ್ಟದ ಮೇಲೂ ಬೆಂಡು ಇದ್ದರೆ, ಯಾವ ಕಟ್ಟಿಗೆ, ಯಾರು ಕೆತ್ತಿದ್ದು, ಯಾರು ಈಜು ಕಲಿತದ್ದು ಅಂತ ಕೇಳಿ ವಾಯ್ಸ್ ನೋಟ್ ಕಳಸ್ರಿ. ಅವ್ವಂದಿರನ್ನೂ ಕೇಳ್ರಿ.