ಏಳಡಿ ಗೇಜಿನ ಕೊನೆಯ ದಿನಗಳು

ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಗೆ ಎಂಜಿನಿಯರ್ ಆಗಿದ್ದ ಇಸಾಂಬಾರ್ಡ್ ಕಿಂಗ್‌ಡಮ್ ಬ್ರುನೆಲ್ ಎರಡು ಹಳಿಗಳ ನಡುವೆ 7 ಅಡಿ ಕಾಲು ಅಂಗುಲ ಅಂತರವಿಟ್ಟ. ಆರಂಭದ ರೈಲುಮಾರ್ಗಗಳನ್ನು ಕಟ್ಟಿದ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಮತ್ತು ಅವನ ಅನುಯಾಯಿಗಳು ಹಾಕುತ್ತಿದ್ದದ್ದು 4 ಅಡಿ ಎಂಟೂವರೆ ಅಂಗುಲದ ಹಳಿ. ಅದು ಕಲ್ಲಿದ್ದಲು ಗಣಿಗಳ ಬಂಡಿದಾರಿಯಿಂದ ಬಂದ ಅಳತೆ. ವೇಗದ ರೈಲಿಗೆ ಅದೇ ಸರಿಯೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಬ್ರುನೆಲ್ ಲೆಕ್ಕ ಹಾಕಿದ. 1838ರಲ್ಲಿ ಮೊದಲ ಭಾಗ ಸಂಚಾರಕ್ಕೆ ತೆರೆಯಿತು. ಮುಂದೆ ಆ ಹಳಿಯ ಮೇಲೆ ಓಡಿದ ರೈಲುಗಳು ವೇಗದಲ್ಲೂ ಸ್ಥಿರತೆಯಲ್ಲೂ ಅವನ ಲೆಕ್ಕವನ್ನು ನಿಜಮಾಡಿದವು.

ತೊಡಕು ಕಂಡದ್ದು ಎರಡು ಅಳತೆಗಳು ಎದುರಾದ ಕಡೆ. 1844ರಿಂದ ಗ್ಲಾಸ್ಟರ್ ನಿಲ್ದಾಣದಲ್ಲಿ ಬ್ರಿಸ್ಟಲ್ ಕಡೆಯ ಅಗಲ ಹಳಿಯೂ ಬರ್ಮಿಂಗ್‌ಹ್ಯಾಮ್ ಕಡೆಯ ಕಿರಿದಾದ ಹಳಿಯೂ ಸೇರುತ್ತಿದ್ದವು. ಪ್ರಯಾಣಿಕರು ಗಂಟುಮೂಟೆಯೊಂದಿಗೆ ರೈಲು ಬದಲಿಸಬೇಕು; ಸರಕನ್ನೆಲ್ಲ ಕೂಲಿಗಳು ಇಳಿಸಿ ಮತ್ತೆ ತುಂಬಬೇಕು. ಮದ್ರಾಸಿನ ಬ್ರಾಡ್‌ಗೇಜ್ ಮತ್ತು ಮೈಸೂರಿನ ಮೀಟರ್‌ಗೇಜ್ ಸಂಧಿಸುತ್ತಿದ್ದ ಬೆಂಗಳೂರಿಗೂ ಮುಂದೆ ಇದೇ ಪಾಡು ಬಂತು. 1846ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಿರಿದಾದ ಅಳತೆಯ ಪರ ಕಾನೂನು ಮಾಡಿತು. ಅದಾಗಲೇ ಇದ್ದ ಅಗಲ ಹಳಿಯನ್ನು ಕೀಳಿಸಲಿಲ್ಲ, ಅಷ್ಟೇ.

ಬ್ರುನೆಲ್ 1859ರಲ್ಲಿ ತೀರಿಕೊಂಡ. ಅವನ ಹಳಿ ಇನ್ನೂ ಮೂರು ದಶಕ ಬಾಳಿತು. ಕಂಪನಿ ಹಲವೆಡೆ ಮೂರನೆಯ ಹಳಿ ಸೇರಿಸಿ ಎರಡೂ ಬಗೆಯ ರೈಲು ಓಡಿಸಿತು. ಕೊನೆಗೆ ಬರೀ ಅಗಲ ಹಳಿ ಉಳಿದದ್ದು ಎಕ್ಸೆಟರ್‌ನಿಂದ ಪಶ್ಚಿಮಕ್ಕೆ, ಶಾಖಾಮಾರ್ಗಗಳೂ ಸೇರಿ ಸುಮಾರು 170 ಮೈಲಿ.

1892ರ ಮೇ 20, ಶುಕ್ರವಾರ, ಪ್ಯಾಡಿಂಗ್‌ಟನ್‌ನಿಂದ ಪೆನ್‌ಜಾನ್ಸ್‌ಗೆ ಹೋಗುವ ಕೊನೆಯ ಅಗಲ ಹಳಿ ರೈಲು ಹೊರಟಿತು. ಹಳಿಯನ್ನು ಕಿರಿದಾದ ಅಳತೆಗೆ ಬದಲಿಸಲು 4,000ಕ್ಕೂ ಹೆಚ್ಚು ಗ್ಯಾಂಗ್‌ಮನ್‌ಗಳು ದಾರಿಯುದ್ದಕ್ಕೂ ಬಂದು ಸೇರಿದ್ದರು. ನಿಲ್ದಾಣಗಳಲ್ಲಿ, ಗೂಡ್ಸ್ ಶೆಡ್ಡುಗಳಲ್ಲಿ ಅವರ ನಿದ್ದೆ. ದಣಿವಿಗೆ ಓಟ್ಸ್ ಹಿಟ್ಟು ಕದಡಿದ ನೀರು. ಬ್ರುನೆಲ್ಲನ ದಾರಿಯಲ್ಲಿ ಹಳಿಯ ಕೆಳಗೆ ಉದ್ದಕ್ಕೂ ಮರದ ದಿಮ್ಮಿ ಇರುತ್ತಿತ್ತು, ಅಲ್ಲಲ್ಲಿ ಅಡ್ಡಮರಗಳು ಎರಡು ಬದಿಯ ದಿಮ್ಮಿಗಳನ್ನು ಹಿಡಿದಿಡುತ್ತಿದ್ದವು. ಅಡ್ಡಮರವನ್ನು ಕೊಯ್ದು ಗಿಡ್ಡಮಾಡಿ, ಒಂದು ಬದಿಯ ದಿಮ್ಮಿಯನ್ನು ಹಳಿಯ ಸಮೇತ ಸುಮಾರು ಎರಡೂಕಾಲು ಅಡಿ ಒಳಕ್ಕೆ ಸರಿಸಿ ಬಿಗಿಯುವುದು ಕೆಲಸ. ಶನಿವಾರ ಬೆಳಕು ಹರಿಯುತ್ತಲೇ ಕೈಹಚ್ಚಿದರು. ಸೋಮವಾರ ಹೊಸ ಅಳತೆಯ ಮೇಲೆ ರೈಲು ಓಡಿತು. ಯಂತ್ರದ ನೆರವಿಲ್ಲದೆ ಬರೀ ತೋಳ್ಬಲದಿಂದ ನಡೆದ ಇಂಥ ಕೆಲಸ ರೈಲ್ವೆ ಚರಿತ್ರೆಯಲ್ಲಿ ಅಪರೂಪ.

ಹಳೆಯ ಎಂಜಿನ್‌, ಬೋಗಿಗಳನ್ನೆಲ್ಲ ಸ್ವಿಂಡನ್ ಕಾರ್ಖಾನೆಗೆ ಸಾಗಿಸಿದರು. ಅವುಗಳನ್ನು ನಿಲ್ಲಿಸಲೆಂದೇ ಅಲ್ಲಿ ಮೈಲಿಗಟ್ಟಲೆ ತಾತ್ಕಾಲಿಕ ಹಳಿ ಹಾಕಲಾಗಿತ್ತು. ಬದಲಾವಣೆಯನ್ನು ಮೊದಲೇ ಎಣಿಸಿ ಕಟ್ಟಿದ್ದವು ಹೊಸ ಚಕ್ರ ತೊಟ್ಟು ಮತ್ತೆ ಓಡಿದವು. ಉಳಿದವು ಗುಜರಿಗೆ ಹೋದವು.