ಕೋಶದಿಂದ ಕೋಶಕ್ಕೆ ಮೈಟೋಕಾಂಡ್ರಿಯ

ನಮ್ಮ ತುಂಗಭದ್ರಾ ಅಣೆಕಟ್ಟಿಗೆ ವಿದ್ಯುದಾಗಾರವಿದ್ದಂತೆ ಜೀವಕೋಶಕ್ಕೆ ಮೈಟೋಕಾಂಡ್ರಿಯ ಎಂಬ ಶಕ್ತಿಕೇಂದ್ರವಿದೆ ಎಂದು ವಿದ್ಯಾರ್ಥಿಗಳು ಓದಿದ್ದೀರಿ. ಅದಕ್ಕೆ 37 ಜೀನ್‌ಗಳುಳ್ಳ ತನ್ನದೇ ಡಿ.ಎನ್.ಎ. ಇದೆ. ಅದು ಮಕ್ಕಳಿಗೆ ತಾಯಿಯಿಂದ ಬರುತ್ತದೆ. ಆದರೆ ಮೈಟೋಕಾಂಡ್ರಿಯದ ಹೆಚ್ಚಿನ ಪ್ರೋಟೀನುಗಳ ಜೀನ್‌ಗಳು ಇರುವುದು ಕೋಶಕೇಂದ್ರದಲ್ಲಿ. ಅವು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ.

ಹಾಗಾದರೆ ಸ್ನಾಯು, ನರಗಳ ಕಾಯಿಲೆಯೊಂದರಲ್ಲಿ ದೋಷ ಎಲ್ಲಿದೆಯೆಂದು ತಿಳಿಯುವುದು ಹೇಗೆ?

1975ರಲ್ಲಿ ಅಮೆರಿಕದ ವ್ಯಾಲೇಸ್, ಬನ್ ಮತ್ತು ಐಸೆನ್‌ಸ್ಟಾಟ್ ದಾರಿ ತೋರಿದರು. ಕ್ಲೋರಾಂಫೆನಿಕಾಲ್ ಔಷಧಿಯನ್ನು ತಾಳಬಲ್ಲ ಮಾನವ ಕೋಶಗಳಿಂದ ಕೇಂದ್ರವನ್ನು ತೆಗೆದು, ಉಳಿದ ಭಾಗವನ್ನು ಅದನ್ನು ತಾಳದ ಕೋಶಗಳೊಂದಿಗೆ ಬೆಸೆದರು. ಹೊಸ ಕೋಶಗಳು ಆ ಔಷಧಿಯಲ್ಲೂ ಬೆಳೆದವು. ಇಂಥ ಬೆಸುಗೆಯ ಕೋಶಗಳಿಗೆ ‘ಸೈಬ್ರಿಡ್’ ಎಂದು ಹೆಸರು.

1989ರಲ್ಲಿ ಕಿಂಗ್ ಮತ್ತು ಅಟ್ಟಾರ್ಡಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಎಥಿಡಿಯಂ ಬ್ರೋಮೈಡ್ ಬಳಸಿ ಮಾನವ ಕೋಶಗಳ ಮೈಟೋಕಾಂಡ್ರಿಯ ಡಿ.ಎನ್.ಎ.ಯನ್ನು ಪೂರ್ತಿ ಇಲ್ಲವಾಗಿಸಿದರು. ಅವು ಯೂರಿಡಿನ್, ಪೈರುವೇಟ್ ಕೊಟ್ಟರಷ್ಟೇ ಬದುಕುತ್ತಿದ್ದವು. ಹೊರಗಿನ ಮೈಟೋಕಾಂಡ್ರಿಯ ಸೇರಿಸಿದಾಗ ಮತ್ತೆ ಉಸಿರಾಡತೊಡಗಿದವು. ಮುಂದೆ ಇಂಥ ಕೋಶಗಳಿಗೆ ರೋಗಿಗಳ ಮೈಟೋಕಾಂಡ್ರಿಯವನ್ನೇ ಸೇರಿಸಲಾಯಿತು. ದೋಷವೂ ಜೊತೆಗೆ ಬಂದರೆ ಅದರ ಮೂಲ ಮೈಟೋಕಾಂಡ್ರಿಯದ ಡಿ.ಎನ್.ಎ.ಯಲ್ಲಿದೆ, ಬಾರದಿದ್ದರೆ ಕೋಶಕೇಂದ್ರದಲ್ಲಿ ಹುಡುಕಬೇಕು.

ಇಂಥ ಕಾಯಿಲೆಗಳ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ನಡೆಯುತ್ತದೆ. ಮಗುವಿಗೆ ಕಾಯಿಲೆಯಾದರೆ ತಾಯಿಯನ್ನೇ ದೂರುವ ಮನೆಗಳು ಇಂದಿಗೂ ಇವೆ. ಕಾಯಿಲೆ ಕೆಲವೊಮ್ಮೆ ತಾಯಿಯಿಂದ, ಕೆಲವೊಮ್ಮೆ ಇಬ್ಬರಿಂದಲೂ ಬರುತ್ತದೆ. ತಾಯಿಯಿಂದ ಬಂದರೂ ಅದು ಅವಳ ತಪ್ಪಲ್ಲ. ವಿದ್ಯೆ ಕಲಿತವರು ಈ ಮಾತನ್ನು ಮನೆಮನೆಗೆ ತಲುಪಿಸಬೇಕು.